ಹೆನ್ನಾ, ಲ್ಯಾಮಿನೇಷನ್, ಮೈಕ್ರೋಬ್ಲೇಡಿಂಗ್, ಪೌಡರ್ ಬ್ರೋ: ನಾಲ್ಕನ್ನೂ ಮಾಡಿಸಿದ ಮೇಲೆ ನನ್ನ ಅಭಿಪ್ರಾಯ

ಇವು ನಾಲ್ಕೂ ಹುಬ್ಬು ಚೆಂದ ಕಾಣಲಿ ಅಂತ ಮಾಡಿಸುವಂಥವು. ಹೆನ್ನಾ ಅಂದರೆ ಮೇಲೆ ಬಣ್ಣ ಹಚ್ಚುವುದು, ಲ್ಯಾಮಿನೇಷನ್ ಅಂದರೆ ಲೋಷನ್ ಹಾಕಿ ಕೂದಲನ್ನು ಕೂರಿಸುವುದು, ಮೈಕ್ರೋಬ್ಲೇಡಿಂಗ್ ಮತ್ತು ಪೌಡರ್ ಬ್ರೋ ಅಂದರೆ ಸೂಜಿಯಿಂದ ಚರ್ಮದೊಳಗೆ ಬಣ್ಣ ತುಂಬುವುದು. ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಚರ್ಮದವರು ಮೈಕ್ರೋಬ್ಲೇಡಿಂಗ್‌ಗೆ ದುಡ್ಡು ಸುರಿಯಬೇಡಿ, ಪೌಡರ್ ಬ್ರೋ ಮಾಡಿಸಿ. ಒಣ ಚರ್ಮದವರಿಗೆ ಮೈಕ್ರೋಬ್ಲೇಡಿಂಗ್ ಚೆನ್ನಾಗಿ ಒಗ್ಗುತ್ತದೆ. ಹುಬ್ಬಿನಲ್ಲಿ ಕೂದಲು ಧಾರಾಳವಾಗಿದೆ, ಆದರೆ ಅಡ್ಡಾದಿಡ್ಡಿ ನಿಲ್ಲುತ್ತದೆ ಅನ್ನುವವರಿಗೆ ಸೂಜಿಯ ತಂಟೆಯೇ ಬೇಡ, ಲ್ಯಾಮಿನೇಷನ್ ಸಾಕು. ತಮ್ಮನ ಮದುವೆ ಇದೆ, ಒಂದು ವಾರ ಚೆಂದ ಕಂಡರೆ ಸಾಕು ಅನ್ನುವವರಿಗೆ ಹೆನ್ನಾ.

ಈ ನಾಲ್ಕೂ ನನ್ನ ಹುಬ್ಬಿನ ಮೇಲೆ ಆಗಿವೆ. ಕಾಲೇಜಿನ ದಿನದಿಂದ ಬಿಡದೆ ಥ್ರೆಡ್ಡಿಂಗ್ ಮಾಡಿಸಿ ನನ್ನ ಹುಬ್ಬು ತೆಳುವಾಗಿತ್ತು. ಬಾಲದ ಕಡೆ, ಅಂದರೆ ಹುಬ್ಬಿನ ಹೊರತುದಿಯಲ್ಲಿ, ಕೂದಲು ಬರುವುದೇ ನಿಂತಿತ್ತು. ದಿನಾ ಬೆಳಗ್ಗೆ ಪೆನ್ಸಿಲ್‌ನಲ್ಲಿ ತಿದ್ದಿಕೊಂಡು ಹೊರಟರೆ, ಬೆಂಗಳೂರಿನ ಟ್ರಾಫಿಕ್ ದಾಟಿ ಆಫೀಸಿನಲ್ಲಿ ಹೆಲ್ಮೆಟ್ ತೆಗೆಯುವ ಹೊತ್ತಿಗೆ ಬೆವರಿಗೆ ಅದು ಕರಗಿರುತ್ತಿತ್ತು. ಅಮ್ಮ ಹರಳೆಣ್ಣೆ ಹಚ್ಚು ಅನ್ನುತ್ತಲೇ ಇದ್ದರು. ಹಚ್ಚಿದೆ. ಇದ್ದ ಕೂದಲಿಗೆ ಹೊಳಪು ಬಂತು, ಇಲ್ಲದ ಕಡೆ ಹೊಸದು ಹುಟ್ಟಲಿಲ್ಲ.

ಪಾರ್ಲರ್‌ಗೆ ಹೋಗುವ ಮುಂಚೆ ಚರ್ಮದ ಡಾಕ್ಟರ್ ಹತ್ತಿರ ಹೋಗಿದ್ದೆ. ಇದನ್ನು ಎಲ್ಲರೂ ಮಾಡಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಹುಬ್ಬಿನ ಹೊರತುದಿಯ ಕೂದಲು ಉದುರುವುದು ಥೈರಾಯ್ಡ್ ಕಡಿಮೆ ಇರುವವರಲ್ಲಿ ಕಾಣುವ ಲಕ್ಷಣಗಳಲ್ಲಿ ಒಂದು. ಟಿಎಸ್‌ಎಚ್ ಅನ್ನುವ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಲ್ಲಲ್ಲಿ ದುಂಡಗೆ ಬೋಳಾಗುತ್ತಿದ್ದರೆ ಅಲೋಪೇಶಿಯಾ ಏರಿಯೇಟಾ ಅನ್ನುವ ಕೂದಲುದುರುವ ಕಾಯಿಲೆ ಇರಬಹುದು. ಕಾಯಿಲೆಯನ್ನು ಬಣ್ಣದ ಅಡಿ ಮುಚ್ಚಿಟ್ಟರೆ ಅದು ಒಳಗೇ ಬೆಳೆಯುತ್ತದೆ ಅಲ್ವಾ? ನನ್ನದು ಬರೀ ಥ್ರೆಡ್ಡಿಂಗ್‌ನಿಂದ ಆದದ್ದು ಅಂತ ಖಾತ್ರಿಯಾದ ಮೇಲೆಯೇ ಮುಂದಕ್ಕೆ ಹೋದೆ.

ಹೆನ್ನಾ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪೇಸ್ಟ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸುತ್ತಾರೆ. ಕೂದಲಿನ ಜೊತೆ ಕೆಳಗಿನ ಚರ್ಮಕ್ಕೂ ಬಣ್ಣ ಹಿಡಿಯುವುದರಿಂದ ಖಾಲಿ ಜಾಗ ತುಂಬಿದಂತೆ ಕಾಣುತ್ತದೆ. ಕೂದಲಿನ ಮೇಲೆ ನಾಲ್ಕೈದು ವಾರ ಉಳಿಯುತ್ತದೆ. ಚರ್ಮದ ಮೇಲಿನದು ಒಂದು ವಾರ, ಹೆಚ್ಚೆಂದರೆ ಎರಡು. ನನ್ನ ಎಣ್ಣೆ ಮುಖದಲ್ಲಿ ಅದೂ ಇಲ್ಲ, ನಾಲ್ಕೈದು ಸಲ ಫೇಸ್‌ವಾಶ್ ಹಾಕುವಷ್ಟರಲ್ಲಿ ಮಾಸಿತು. ಒಂದು ಎಚ್ಚರ ಮಾತ್ರ ಇರಲಿ. ಬರೀ ಮದರಂಗಿ ಸೊಪ್ಪು ಕಂದು ಅಥವಾ ಕಪ್ಪು ಬಣ್ಣ ಕೊಡುವುದಿಲ್ಲ, ಕಿತ್ತಳೆ-ಕೆಂಪು ಕೊಡುತ್ತದೆ. ಗಾಢ ಬಣ್ಣ ಬರುತ್ತಿದೆ ಅಂದರೆ ಅದರಲ್ಲಿ ಬೇರೆ ಡೈ ಸೇರಿದೆ. ಎಷ್ಟೋ ಸಲ ಅದು ತಲೆಗೂದಲಿನ ಡೈಗಳಲ್ಲಿ ಇರುವ ಪಿಪಿಡಿ ಅನ್ನುವ ರಾಸಾಯನಿಕ ಆಗಿರುತ್ತದೆ. ತಲೆಗೆ ಡೈ ಹಚ್ಚಿದಾಗ ಕೆಲವರಿಗೆ ಮುಖ ಊದಿಕೊಳ್ಳುವುದು ಇದರಿಂದಲೇ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯದೆ ಕಣ್ಣಿನ ಹತ್ತಿರ ಹಾಕಿಸಿಕೊಳ್ಳಬೇಡಿ.

ಲ್ಯಾಮಿನೇಷನ್‌ಗೆ ಸುಮಾರು ಮುಕ್ಕಾಲು ಗಂಟೆ ಬೇಕು. ಮೊದಲ ಲೋಷನ್ ಕೂದಲಿನ ಒಳಗಿನ ಬಂಧಗಳನ್ನು ಸಡಿಲ ಮಾಡುತ್ತದೆ. ಬ್ರಷ್‌ನಲ್ಲಿ ಕೂದಲನ್ನು ಮೇಲಕ್ಕೆ ಬಾಚಿ ಕೂರಿಸುತ್ತಾರೆ. ಎರಡನೇ ಲೋಷನ್ ಅದನ್ನು ಅದೇ ಭಂಗಿಯಲ್ಲಿ ಗಟ್ಟಿ ಮಾಡುತ್ತದೆ. ಪಾರ್ಲರ್‌ನಲ್ಲಿ ಪರ್ಮಿಂಗ್ ಮಾಡುವಾಗ, ಅಂದರೆ ಕೂದಲನ್ನು ಗುಂಗುರು ಮಾಡುವಾಗ, ಬಳಸುವ ಥಯೋಗ್ಲೈಕೊಲೇಟ್ ಜಾತಿಯ ರಾಸಾಯನಿಕವೇ ಇಲ್ಲೂ ಕೆಲಸ ಮಾಡುವುದು. ಆ ವಾಸನೆ ಮೂಗಿಗೆ ಹೊಡೆಯುತ್ತದೆ, ತಡೆದುಕೊಳ್ಳಬೇಕು. ಆಮೇಲೆ ಒಂದು ದಿನ ನೀರು ತಾಗಿಸಬಾರದು. ಆರು ವಾರದ ಹೊತ್ತಿಗೆ ಹುಬ್ಬು ಹಳೆಯ ಸ್ಥಿತಿಗೆ ಬರುತ್ತದೆ.

ಹುಬ್ಬಿನ ಮೂಗಿನ ಕಡೆಯ ಅರ್ಧದಲ್ಲಿ ನನಗಿದು ನಿಜಕ್ಕೂ ಇಷ್ಟವಾಯಿತು. ಇದ್ದ ಕೂದಲೇ ಎರಡರಷ್ಟು ಇರುವಂತೆ ಕಂಡಿತು. ಬಾಲದಲ್ಲಿ ಮೇಲಕ್ಕೆ ಬಾಚಲು ಕೂದಲೇ ಇಲ್ಲವಲ್ಲ, ಅಲ್ಲಿ ಏನೂ ಬದಲಾಗಲಿಲ್ಲ. ಲೋಷನ್ ಜಾಸ್ತಿ ಹೊತ್ತು ಬಿಟ್ಟರೆ ಕೂದಲು ಒಣಗಿ ಸುರುಟಿಕೊಳ್ಳುತ್ತದೆ. ಮಾಡುವವರು ಟೈಮರ್ ಇಟ್ಟಿದ್ದಾರಾ ಅಂತ ಗಮನಿಸಿ. ನನ್ನ ತಂಗಿಯ ಹುಬ್ಬು ದಟ್ಟ. ಅವಳು ಇದೊಂದನ್ನೇ ಹಬ್ಬಕ್ಕೆ ಮುಂಚೆ ಮಾಡಿಸುತ್ತಾಳೆ. ಅವಳಿಗೆ ಬೇರೆ ಯಾವುದರ ಅಗತ್ಯವೂ ಇಲ್ಲ.

ಇನ್ನು ಸೂಜಿಯ ವಿಷಯ. ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಮೈಕ್ರೋಬ್ಲೇಡಿಂಗ್‌ನಲ್ಲಿ ಕೈಯಲ್ಲೇ ಹಿಡಿಯುವ ಒಂದು ಪೆನ್ ಇರುತ್ತದೆ. ಅದರ ತುದಿಯಲ್ಲಿ ಸಣ್ಣ ಸೂಜಿಗಳು ಒಂದೇ ಸಾಲಿನಲ್ಲಿ ಜೋಡಿಸಿರುತ್ತವೆ. ಅದರಿಂದ ಚರ್ಮದಲ್ಲಿ ಕೂದಲಿನಷ್ಟೇ ತೆಳುವಾದ ಗೀಟು ಹಾಕಿ ಬಣ್ಣ ತುಂಬುತ್ತಾರೆ. ಪೌಡರ್ ಬ್ರೋ ಮಾಡುವುದು ಮಷಿನ್‌ನಲ್ಲಿ. ಇಲ್ಲಿ ಗೀಟು ಇಲ್ಲ, ಸಾವಿರಾರು ಸಣ್ಣ ಚುಕ್ಕಿ. ಮೂಗಿನ ಕಡೆ ತೆಳುವಾಗಿ, ಬಾಲದ ಕಡೆ ದಟ್ಟವಾಗಿ ಚುಕ್ಕಿ ಇಡುತ್ತಾ ಹೋಗುತ್ತಾರೆ. ಮೇಕಪ್ ಪೌಡರ್ ಹಚ್ಚಿದಂತೆ ಕಾಣುತ್ತದೆ, ಅದಕ್ಕೇ ಆ ಹೆಸರು. ಎರಡನ್ನೂ ಬೆರೆಸಿ ಮಾಡುವುದಕ್ಕೆ ಕಾಂಬೋ ಅನ್ನುತ್ತಾರೆ. ಅದನ್ನು ನಾನು ಮಾಡಿಸಿಲ್ಲ.

ಎರಡರಲ್ಲೂ ಮೊದಲ ಒಂದು ಗಂಟೆ ಬರೀ ಅಳತೆಗೆ ಹೋಗುತ್ತದೆ, ಹೋಗಲೇಬೇಕು. ಕಪ್ಪು ಪೇಸ್ಟ್ ಮೆತ್ತಿದ ದಾರವನ್ನು ಹಣೆಯ ಮೇಲೆ ಬಿಗಿಯಾಗಿ ಎಳೆದು ಗೆರೆ ಒತ್ತುತ್ತಾರೆ. ಮೂಗಿನ ಪಕ್ಕದಿಂದ ಒಂದು, ಕಣ್ಣುಪಾಪೆಯ ಮೇಲಿಂದ ಒಂದು, ಕಣ್ಣಿನ ಹೊರತುದಿಯಿಂದ ಒಂದು. ನೋಡಿದರೆ ಹಣೆ ತುಂಬಾ ಗೀಟುಗಳು. ಆಮೇಲೆ ಕೈಗೆ ಕನ್ನಡಿ ಕೊಡುತ್ತಾರೆ. ಆಗ ಮಲಗಿಕೊಂಡೇ ನೋಡಿ ಹೂಂ ಅನ್ನಬೇಡಿ. ಎದ್ದು ಕೂತು ನೋಡಿ, ನಕ್ಕು ನೋಡಿ, ಹುಬ್ಬೇರಿಸಿ ನೋಡಿ. ಮಲಗಿದಾಗ ಚರ್ಮ ಹಿಂದಕ್ಕೆ ಜಾರುತ್ತದೆ, ಆಕಾರವೂ ಬೇರೆಯಾಗಿ ಕಾಣುತ್ತದೆ. ನಾನು ಕಮಾನು ಎರಡು ಸಲ ಕೆಳಗಿಳಿಸಿ ಎಂದು ಕೇಳಿದೆ, ಅವರು ಬೇಸರವಿಲ್ಲದೆ ಒರೆಸಿ ಮತ್ತೆ ಬರೆದರು. ಹಾಗೆ ತಿದ್ದಲು ಒಪ್ಪದವರ ಹತ್ತಿರ ಸೂಜಿ ಹಾಕಿಸಿಕೊಳ್ಳಬೇಡಿ.

ನೋವು ಎಷ್ಟು? ಮರಗಟ್ಟಿಸುವ ಕ್ರೀಮ್ ಹಚ್ಚಿ ಅರ್ಧ ಗಂಟೆ ಬಿಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಲಿಡೋಕೇನ್ ಇರುತ್ತದೆ. ಮೈಕ್ರೋಬ್ಲೇಡಿಂಗ್‌ನಲ್ಲಿ ನನಗೆ ನೋವಿಗಿಂತ ಸದ್ದೇ ಕಷ್ಟವಾಯಿತು. ಪ್ರತಿ ಗೀಟಿಗೂ ಕಾಗದ ಹರಿದಂತೆ ಚರ್ ಅನ್ನುತ್ತದೆ, ಅದು ತಲೆಯೊಳಗೇ ಕೇಳಿಸುತ್ತದೆ. ಕೊನೆಯ ಹೊತ್ತಿಗೆ ಕ್ರೀಮ್ ಇಳಿದು ಉರಿ ಶುರುವಾಯಿತು. ಪೌಡರ್ ಬ್ರೋದಲ್ಲಿ ಮಷಿನ್ ಗುಂಯ್ ಅನ್ನುತ್ತದೆ, ಸ್ವಲ್ಪ ಬಿಸಿ ಅನ್ನಿಸುತ್ತದೆ, ಅಷ್ಟೇ. ನೋವಿನ ಲೆಕ್ಕದಲ್ಲಿ ಪೌಡರ್ ಗೆದ್ದಿತು. ಪಿರಿಯಡ್ಸ್ ಹತ್ತಿರದಲ್ಲಿ ಹೋಗಬೇಡಿ, ನೋವು ಜಾಸ್ತಿ ಅನ್ನಿಸುತ್ತದೆ. ಹಿಂದಿನ ದಿನ ಮದ್ಯ ಬೇಡ, ರಕ್ತ ಹೆಚ್ಚು ಬರಬಹುದು. ಹಾಗೆ ರಕ್ತ ಬಂದರೆ ಬಣ್ಣ ಸರಿಯಾಗಿ ಕೂರುವುದಿಲ್ಲ.

ಈಗ ವಾಸಿಯಾಗುವ ದಿನಗಳು. ಯಾರೂ ಮುಂಚೆ ಹೇಳದಿದ್ದರೆ ಹೆದರಿಬಿಡುತ್ತೀರಿ. ಮೊದಲ ಎರಡು ಮೂರು ದಿನ ಹುಬ್ಬು ತುಂಬಾ ಕಪ್ಪಾಗಿ, ದಪ್ಪಗೆ ಕಾಣುತ್ತದೆ. ಆಮೇಲೆ ಬಿಗಿತ, ತುರಿಕೆ. ಒಂದು ವಾರದ ಆಸುಪಾಸಿನಲ್ಲಿ ಹಕ್ಕಳೆ ಎದ್ದು ಉದುರುತ್ತದೆ. ಅದರ ಕೆಳಗೆ ಅಲ್ಲಲ್ಲಿ ಖಾಲಿ, ಅಲ್ಲಲ್ಲಿ ಮಸುಕು. ಕೊಟ್ಟ ದುಡ್ಡು ನೀರಿಗೆ ಹೋಯಿತು ಅನ್ನಿಸುವುದು ಈ ಹಂತದಲ್ಲಿ. ಆದರೆ ಹೊಸ ಚರ್ಮ ತಿಳಿಯಾಗುತ್ತಾ ಬಂದ ಹಾಗೆ ಬಣ್ಣ ಮತ್ತೆ ಮೇಲೆ ಕಾಣುತ್ತದೆ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ಟಚಪ್, ಅಂದರೆ ಬಣ್ಣ ನಿಲ್ಲದ ಕಡೆ ಮತ್ತೊಮ್ಮೆ ತಿದ್ದುವುದು, ಕೂಡ ಆರೇಳು ವಾರದ ಮೇಲೆಯೇ ಮಾಡುವುದು. ನನಗೆ ಮೈಕ್ರೋಬ್ಲೇಡಿಂಗ್‌ನಲ್ಲಿ ಹಕ್ಕಳೆ ದಪ್ಪಗೆ ಎದ್ದಿತು. ಪೌಡರ್‌ನಲ್ಲಿ ಸಣ್ಣ ಹೊಟ್ಟು ಉದುರಿತು ಅಷ್ಟೇ, ಅದೂ ಬೇಗ.

ಈ ದಿನಗಳಲ್ಲಿ ನಮ್ಮ ಮನೆಗಳ ಅಭ್ಯಾಸಗಳೇ ಅಡ್ಡ ಬರುತ್ತವೆ. ಗಾಯಕ್ಕೆ ಅರಿಶಿನ ಹಚ್ಚು ಅನ್ನುತ್ತಾರೆ, ಬೇಡ. ಎಣ್ಣೆ ಸ್ನಾನ ಬೇಡ, ತಲೆಯ ಎಣ್ಣೆ ಹಣೆಗೆ ಇಳಿಯುತ್ತದೆ. ಕುಂಕುಮ ಇಡುವವರು ಹುಬ್ಬಿನ ಕಡೆ ಪುಡಿ ಹರಡದಂತೆ ನೋಡಿಕೊಳ್ಳಿ, ಇಲ್ಲವೇ ಕೆಲವು ದಿನ ಸ್ಟಿಕ್ಕರ್ ಇಟ್ಟುಕೊಳ್ಳಿ. ಹಬೆ, ಈಜು, ಬೆವರು ಸುರಿಯುವ ಜಿಮ್, ನೇರ ಬಿಸಿಲು ಯಾವುದೂ ಹತ್ತು ದಿನ ಬೇಡ. ಹಕ್ಕಳೆಯನ್ನು ಉಗುರಿನಿಂದ ಕೀಳಲೇಬೇಡಿ, ಅದರ ಜೊತೆ ಬಣ್ಣವೂ ಕಿತ್ತುಬರುತ್ತದೆ, ಕಲೆಯೂ ಉಳಿಯಬಹುದು. ನಮ್ಮಂಥ ಕಂದು ಚರ್ಮದಲ್ಲಿ ಗಾಯದ ಕಲೆ ಕಪ್ಪಾಗಿ ಉಳಿಯುವುದು ಜಾಸ್ತಿ.

ಫಲಿತಾಂಶಕ್ಕೆ ಬರೋಣ. ಮೈಕ್ರೋಬ್ಲೇಡಿಂಗ್ ಮಾಡಿಸಿದ ಮೊದಲ ಎರಡು ಮೂರು ತಿಂಗಳು ನನ್ನ ಹುಬ್ಬು ಅಷ್ಟು ಸಹಜವಾಗಿತ್ತು ಅಂದರೆ, ಹತ್ತಿರ ಕೂತವರಿಗೂ ಯಾವುದು ಕೂದಲು, ಯಾವುದು ಗೀಟು ಗೊತ್ತಾಗುತ್ತಿರಲಿಲ್ಲ. ಆ ಸಹಜತೆ ಪೌಡರ್ ಬ್ರೋದಲ್ಲಿ ಇಲ್ಲ, ಅದನ್ನು ಒಪ್ಪಲೇಬೇಕು. ಆದರೆ ಎಣ್ಣೆ ಚರ್ಮದಲ್ಲಿ ಗೀಟಿನ ಅಂಚು ನಿಲ್ಲುವುದಿಲ್ಲ. ನಿಧಾನಕ್ಕೆ ಗೀಟುಗಳು ಒಂದಕ್ಕೊಂದು ಕೂಡಿಕೊಂಡವು. ವರ್ಷ ತುಂಬುವ ಹೊತ್ತಿಗೆ ಮೂಗಿನ ಕಡೆ ಒಂದು ಮಸುಕು ಪಟ್ಟಿ ಉಳಿದಿತ್ತು, ಬಣ್ಣ ಕೆಂಪಿಗೆ ತಿರುಗಿತ್ತು. ನಮ್ಮ ಅತ್ತಿಗೆ ಅದೇ ಜಾಗದಲ್ಲಿ, ಅದೇ ಕೈಯಲ್ಲಿ ಮಾಡಿಸಿದ್ದರು. ಅವರದು ಒಣ ಚರ್ಮ. ಒಂದೂವರೆ ವರ್ಷ ಕಳೆದರೂ ಅವರ ಗೀಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕೈಚಳಕ ಒಂದೇ, ಚರ್ಮ ಬೇರೆ. ಮಾಡಿದ ದಿನದ ಫೋಟೋ ನೋಡಿ ನಿರ್ಧಾರ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಆ ದಿನ ಎಲ್ಲರದ್ದೂ ಚೆಂದವೇ. ವಾಸಿಯಾದ ಮೇಲಿನ, ಸಾಧ್ಯವಾದರೆ ವರ್ಷ ಕಳೆದ ಫೋಟೋ ಕೇಳಿ. ಅದೂ ನಿಮ್ಮಂಥದೇ ಚರ್ಮದವರದ್ದು.

ಗೀಟು ಮಾಸಿದ ಮೇಲೆ ಅದರ ಮೇಲೆಯೇ ಪೌಡರ್ ಮಾಡಿಸಿದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬ್ಲೇಡ್ ಹಾಕಿಸಿದರೆ ಚರ್ಮ ಗಟ್ಟಿಯಾಗಿ ಕಲೆ ಕಟ್ಟುತ್ತದೆ, ಆಮೇಲೆ ಬಣ್ಣ ಹಿಡಿಯುವುದೂ ಕಷ್ಟ. ಪೌಡರ್ ಈಗ ವರ್ಷ ದಾಟಿದೆ. ಸ್ವಲ್ಪ ತೆಳುವಾಗಿದೆ, ಆಕಾರ ಕೆಟ್ಟಿಲ್ಲ. ಸಾಮಾನ್ಯವಾಗಿ ಇದು ಎರಡು, ಮೂರು ವರ್ಷ ಬಾಳುತ್ತದೆ. ಮೈಕ್ರೋಬ್ಲೇಡಿಂಗ್ ಒಂದರಿಂದ ಒಂದೂವರೆ ವರ್ಷ. ನನಗೆ ಟಚಪ್ ಸೇರಿ ಮೈಕ್ರೋಬ್ಲೇಡಿಂಗ್‌ಗೆ 15 ಸಾವಿರ, ಪೌಡರ್‌ಗೆ 18 ಸಾವಿರ ಆಯಿತು. ಬಾಳಿಕೆ ಲೆಕ್ಕ ಹಾಕಿದರೆ ಪೌಡರ್ ಅಗ್ಗ.

ಬಣ್ಣದ ವಿಷಯದಲ್ಲಿ ಒಂದು ಮಾತು. ನಮ್ಮ ಕೂದಲು ಕಪ್ಪು ಅಂತ ಕಪ್ಪು ಬಣ್ಣವೇ ಬೇಕು ಅಂತ ಹಠ ಹಿಡಿಯಬೇಡಿ. ಕಾರ್ಬನ್ ಕಪ್ಪು ಚರ್ಮದೊಳಗೆ ಕಾಲ ಕಳೆದಂತೆ ಬೂದು-ನೀಲಿಯಾಗಿ ಕಾಣುತ್ತದೆ. ತೀರಾ ಆಳಕ್ಕೆ ಇಳಿಸಿದರೂ ಹಾಗೇ ಆಗುತ್ತದೆ. ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ಅಂಶ ಇರುವ ಬಣ್ಣಗಳು ಮಾಸುವಾಗ ಕೆಂಪಿಗೆ ತಿರುಗುತ್ತವೆ. ಗಾಢ ಕಂದು ಬಣ್ಣ ನಮಗೆ ಹೊಂದುತ್ತದೆ. ಎರಡನೇ ಸಲ ನಾನು ಅದನ್ನೇ ಆರಿಸಿದೆ.

ಗರ್ಭಿಣಿಯರು, ಹಾಲೂಡಿಸುವವರು, ಗಾಯ ಗಂಟು ಕಟ್ಟುವ ಕೀಲಾಯ್ಡ್ ಚರ್ಮದವರು ಸೂಜಿಯಿಂದ ದೂರವಿರಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಬೇಡಿ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ತಗೊಂಡಿದ್ದರೆ ಎಷ್ಟು ತಿಂಗಳು ಕಾಯಬೇಕು ಅಂತ ನಿಮ್ಮ ಡಾಕ್ಟರ್ ಹೇಳಬೇಕು. ಮುಂದೆಂದಾದರೂ ಎಂಆರ್‌ಐ ಮಾಡಿಸುವಾಗ ಹುಬ್ಬಿನ ಬಣ್ಣದ ಬಗ್ಗೆ ಅಲ್ಲಿಯವರಿಗೆ ತಿಳಿಸಿ, ಕೆಲವು ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ. ರಕ್ತದಾನ ಮಾಡುವ ಅಭ್ಯಾಸ ಇದ್ದವರು ಹಚ್ಚೆಯ ನಿಯಮವನ್ನೇ ಪಾಲಿಸಿ, ಒಂದು ವರ್ಷ ತಡೆಯಿರಿ.

ಸೂಜಿಯನ್ನು ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ತೆಗೆಯಬೇಕು. ಬಳಸಿದ ಮೇಲೆ ಎಸೆಯಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲವೂ ಹಳೆಯ ಸೂಜಿಯಿಂದ ಹರಡುತ್ತವೆ. ಎರಡು ಮೂರು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಕೇಳಲು ಸಂಕೋಚ ಪಡಬೇಡಿ. ನಾನು ಮೊದಲು ಹೋಗಿ ವಿಚಾರಿಸಿದ ಒಂದು ಜಾಗದಲ್ಲಿ ಸೂಜಿ ತೋರಿಸಿ ಅಂದದ್ದಕ್ಕೆ ಮುಖ ಸಿಂಡರಿಸಿದರು, ಅಲ್ಲಿಂದ ಎದ್ದು ಬಂದೆ.

ಇಷ್ಟವಾಗದಿದ್ದರೆ ಲೇಸರ್‌ನಲ್ಲಿ ತೆಗೆಸಬಹುದು ಅಂತ ಸುಲಭವಾಗಿ ಹೇಳುತ್ತಾರೆ. ಅದು ಅಷ್ಟು ಸುಲಭ ಅಲ್ಲ. ಹಲವು ಸಿಟ್ಟಿಂಗ್ ಬೇಕು. ಐರನ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಬಣ್ಣ ಲೇಸರ್ ತಾಗಿದ ಕೂಡಲೇ ಇನ್ನೂ ಕಪ್ಪಾಗಬಹುದು. ಆದ್ದರಿಂದ ಚರ್ಮದ ಡಾಕ್ಟರ್ ಹತ್ತಿರವೇ ಹೋಗಿ, ಮೊದಲು ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿಸಿ.

ಮದುವೆ ಗೊತ್ತಾಗಿರುವ ಹುಡುಗಿಯರು ಕೊನೆಯ ತಿಂಗಳಲ್ಲಿ ಬುಕ್ ಮಾಡುವುದನ್ನು ನೋಡಿದ್ದೇನೆ. ಅರಿಶಿನ ಶಾಸ್ತ್ರದ ದಿನ ಹುಬ್ಬಿನಲ್ಲಿ ಹಕ್ಕಳೆ ಇದ್ದರೆ ಏನು ಮಾಡುತ್ತೀರಿ? ಮೊದಲ ಸಿಟ್ಟಿಂಗ್ ಮೂರು ತಿಂಗಳು ಮುಂಚೆ ಮುಗಿದಿರಲಿ, ಟಚಪ್ ಒಂದು ತಿಂಗಳು ಮುಂಚೆ. ಅಷ್ಟು ಸಮಯ ಇಲ್ಲದಿದ್ದರೆ ಈ ಸಲಕ್ಕೆ ಲ್ಯಾಮಿನೇಷನ್ ಮಾಡಿಸಿ, ಸೂಜಿಯದ್ದು ಮದುವೆ ಆದ ಮೇಲೆ ನೋಡಿಕೊಳ್ಳಿ.