ಒಬ್ಬರ ಅಡುಗೆಗೆ ಕುಕ್ಕರೋ, ಬಾಣಲೆಯೋ?

ಒಬ್ಬರೇ ಇದ್ದು, ಮನೆಯಲ್ಲಿ ಏನಿದೆಯೋ ಅದರಲ್ಲೇ ಅಡುಗೆ ಮುಗಿಸುವವರು ಒಂದೇ ಪಾತ್ರೆ ಕೊಳ್ಳುವುದಾದರೆ ನಾನು ಬಾಣಲೆ ಎನ್ನುತ್ತೇನೆ.

ಕುಕ್ಕರಿನ ಬಲ ಅದರ ಒತ್ತಡ. ಒಳಗಿನ ನೀರು 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುವುದರಿಂದ ಕಾಳು, ಬೇಳೆ ಬೇಗ ಬೇಯುತ್ತವೆ. ಆದರೆ ಮುಚ್ಚಳ ಹಾಕಿದ ಮೇಲೆ ರುಚಿ ನೋಡುವಂತಿಲ್ಲ, ಉಪ್ಪು ಸರಿಮಾಡುವಂತಿಲ್ಲ. ಒಂದು ಹಿಡಿ ಅಕ್ಕಿಗೆ ದೊಡ್ಡ ಕುಕ್ಕರ್ ಇಟ್ಟರೆ ತಳ ಹಿಡಿಯುವುದೂ ಉಂಟು; 2 ಲೀಟರಿನದೇ ಸಾಕು.

ಬಾಣಲೆಯಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಈರುಳ್ಳಿಯ ಅಂಚು ಕೆಂಪಗಾಗುವಾಗ ಘಮ ಬರುತ್ತದಲ್ಲ, ಆಗ ಉಳಿದ ಅರ್ಧ ಟೊಮೆಟೊ, ಬಾಡಿದ ಸೊಪ್ಪು, ಒಂದು ಮೊಟ್ಟೆ ಹೀಗೆ ಒಂದೊಂದೇ ಸೇರಿಸಿ, ನಾಲಿಗೆಗೆ ಹಚ್ಚಿ ನೋಡುತ್ತಾ ಹೋಗಬಹುದು. ಫ್ರಿಜ್ಜಿನ ತಣ್ಣನೆಯ ಅನ್ನವಂತೂ ಇಲ್ಲಿ ಬಿಸಿ ಅನ್ನಕ್ಕಿಂತ ಉದುರುದುರಾಗಿ ಬರುತ್ತದೆ. (ಆ ಅನ್ನವನ್ನು ಮಾಡಿದ 2 ಗಂಟೆಯೊಳಗೆ ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.) ತುಂಬಾ ತರಕಾರಿ ಒಟ್ಟಿಗೆ ತುಂಬಬೇಡಿ, ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ.

ವಾರದಲ್ಲಿ ಮೂರ್ನಾಲ್ಕು ದಿನ ಕಾಳು ಬೇಕೆನ್ನುವವರ ಮಾತು ಬೇರೆ. ಅವರು ಮೊದಲು ಕುಕ್ಕರನ್ನೇ ಕೊಳ್ಳಲಿ.