‘ಯಾವ ಸ್ಕೀಮು ಮೇಡಂ?’: ಅವೆನ್ಯೂ ರಸ್ತೆಯ ಒಂದು ಹಳೇ ಪುಸ್ತಕದಂಗಡಿ

ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರಸ್ತೆಗೆ ಬಂದರೆ ಹಳೇ ಪುಸ್ತಕದಂಗಡಿಗಳ ಸಾಲು ಸಿಗುತ್ತದೆ. ಅದರಲ್ಲಿ ಒಂದು ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟು ಚಿಕ್ಕದು. ಹೆಸರು ಹೇಳುವುದಿಲ್ಲ. ಕೊನೆಯಲ್ಲಿ ಸ್ವಲ್ಪ ಬೈಯುವುದಿದೆ.

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಬಿ.ಕಾಂ. ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ. ಸೆಮಿಸ್ಟರ್ ಶುರುವಾದ ಮೊದಲ ವಾರ, ಹೊಸ ಪುಸ್ತಕ ಕೊಳ್ಳಲು ಕಷ್ಟವಾಗುವ ಮೂರ್ನಾಲ್ಕು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತೇನೆ.

ಮೊದಲೆಲ್ಲ ಅಂಗಡಿಯವರು ಕೇಳುತ್ತಿದ್ದದ್ದು ‘ಯಾವ ಸೆಮ್ಮು?’ ಅಂತ. ಈಗ ಮೊದಲು ಬರುವ ಪ್ರಶ್ನೆ ‘ಯಾವ ಸ್ಕೀಮು ಮೇಡಂ?’ ಅಂದರೆ ಯಾವ ಪಠ್ಯಕ್ರಮದ ಪುಸ್ತಕ ಅಂತ. ಕಾರಣ ನಿಮಗೆ ಗೊತ್ತಿರುವುದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ನಮ್ಮ ರಾಜ್ಯ 2021-22ರಲ್ಲೇ ಡಿಗ್ರಿಗೆ ತಂದಿತು. ನಾಲ್ಕು ವರ್ಷದ ಆನರ್ಸು, ನಡುವೆ ಬಿಟ್ಟರೆ ಸರ್ಟಿಫಿಕೇಟು, ಡಿಪ್ಲೊಮಾ. 2024-25ಕ್ಕೆ ಮತ್ತೆ ಮೂರು ವರ್ಷದ ಡಿಗ್ರಿ, ಎಸ್‌ಇಪಿ, ಅಂದರೆ ರಾಜ್ಯ ಶಿಕ್ಷಣ ನೀತಿ. ಎನ್‌ಇಪಿಗೆ ಸೇರಿದ್ದು ಮೂರೇ ಬ್ಯಾಚು. ನಮ್ಮಲ್ಲಿ ಎನ್‌ಇಪಿಗೂ ಮೊದಲಿನ ಸ್ಕೀಮು ಸಿಬಿಸಿಎಸ್ ಕಾಲದಲ್ಲಿ ಪರೀಕ್ಷೆ 70 ಅಂಕಕ್ಕಿತ್ತು, ಎನ್‌ಇಪಿಯಲ್ಲಿ 60 ಆಯಿತು, ಈಗ 80. ಡೆಬಿಟ್ಟು ಕ್ರೆಡಿಟ್ಟು ಮಾತ್ರ ಇದ್ದಲ್ಲೇ ಇದೆ.

ಈ ಗೊಂದಲವನ್ನು ಈ ಅಂಗಡಿಯವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ನಮ್ಮ ಸ್ಟಾಫ್ ರೂಮಿನಲ್ಲೂ ಕಡಿಮೆ. ಪುಸ್ತಕಗಳನ್ನು ಮೂರು ಗುಡ್ಡೆ ಮಾಡಿದ್ದಾರೆ. ಎನ್‌ಇಪಿ ಗುಡ್ಡೆಗೆ ಹಸಿರು ದಾರ. ಅದೇ ಎಲ್ಲಕ್ಕಿಂತ ಅಗ್ಗ.

ಈ ಸಲ ನನ್ನ ಜೊತೆ ಬಂದ ಎಸ್‌ಇಪಿ ಹುಡುಗಿ ಆ ಗುಡ್ಡೆಯಿಂದ ಫೈನಾನ್ಷಿಯಲ್ ಅಕೌಂಟಿಂಗ್ ಎತ್ತಿಕೊಂಡಳು. 60 ರೂಪಾಯಿ. ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ. ಪಕ್ಕದಲ್ಲಿ ಎಸ್‌ಇಪಿ ಪುಸ್ತಕ ತೆರೆದಿಟ್ಟು, ಎರಡರ ಪರಿವಿಡಿಯ ಮೇಲೂ ಒಂದೊಂದು ಬೆರಳಿಟ್ಟು ಇಳಿಸುತ್ತಾ ಬಂದರು. ‘ಇದು ನಿಂಗೆ ಬರುತ್ತೆ. ಇದೂ ಬರುತ್ತೆ. ಇದು ಬರಲ್ಲ, ಬಿಟ್ಟುಬಿಡು.’ ಬೇಡದ ಪಾಠಕ್ಕೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಟ್ಟ ಮೇಲೆಯೇ ದುಡ್ಡು ತಗೊಂಡದ್ದು.

ಗೀಟು ಬಿದ್ದದ್ದರಲ್ಲಿ ಕೊನೆಯ ಪಾಠವೂ ಇತ್ತು, ‘ಎಮರ್ಜಿಂಗ್ ಟ್ರೆಂಡ್ಸ್’. ಡ್ರೋನ್ ಬಳಸಿ ಅಕೌಂಟಿಂಗ್ ಅನ್ನುವುದು ಅದರಲ್ಲೇ ಬರುತ್ತಿತ್ತು. ನಿಜವಾಗಿ ಸಿಲಬಸ್‌ನಲ್ಲಿತ್ತು, ಸುಮ್ನೆ ಹೇಳುತ್ತಿಲ್ಲ. ನಾಲ್ಕು ಕಂಪ್ಯೂಟರ್ ಇರುವ ಕಾಲೇಜಿನಲ್ಲಿ ನಾನು ಬೋರ್ಡಿನ ಮೇಲೆ ಡ್ರೋನ್ ಚಿತ್ರ ಬರೆದು, ಗೋಡೌನಿನ ಸ್ಟಾಕು ಎಣಿಸುವುದು ಹೇಗೆ ಅಂತ ಪಾಠ ಮಾಡಿದ್ದೇನೆ.

ಆದರೆ ಅದೇ ಹಸಿರು ದಾರದ ಕಟ್ಟಿನಲ್ಲಿ ‘ಅಕೌಂಟಿಂಗ್ ಫಾರ್ ಎವ್ರಿವನ್’ ಕಂಡಾಗ ಹೊಟ್ಟೆ ಚುರುಕ್ಕೆಂದಿತು. ಅದು ಕಾಮರ್ಸ್ ಅಲ್ಲದ ಮಕ್ಕಳು ಆರಿಸಿಕೊಳ್ಳುತ್ತಿದ್ದ ಓಪನ್ ಎಲೆಕ್ಟಿವ್. ಬಿ.ಎ. ಓದುವ ಹುಡುಗನೊಬ್ಬ ಮೊಬೈಲ್ ಮೆಸೇಜು ತೋರಿಸಿ ಕೇಳಿದ್ದ: ‘ಮೇಡಂ, ಬ್ಯಾಂಕಿನವರು ದುಡ್ಡು ಹೋದರೆ ಡೆಬಿಟ್ ಅಂತಾರೆ. ನೀವು ನಗದು ಬಂದರೆ ಡೆಬಿಟ್ ಅಂತೀರಿ. ಯಾರು ಸರಿ?’ ಬ್ಯಾಂಕು ಬರೆಯುವುದು ಅದರ ಪುಸ್ತಕ, ನಾವು ಬರೆಯುವುದು ನಮ್ಮದು ಅಂತ ಬಿಡಿಸಿ ಹೇಳಲು ಆವತ್ತಿನ ಇಡೀ ಪೀರಿಯಡ್ ಹೋಯಿತು. ನನ್ನ ಬಿ.ಕಾಂ. ಮಕ್ಕಳು ಇದನ್ನು ಒಂದು ಸಲವೂ ಕೇಳಿಲ್ಲ. ಡ್ರೋನ್ ಹೋಗಲಿ, ಆ ಪೀರಿಯಡ್ ಉಳಿಯಬೇಕಿತ್ತು.

ಅಂಗಡಿಯ ಇನ್ನೊಂದು ಒಳ್ಳೆ ಗುಣ, ಹಳೇ ಇನ್‌ಕಮ್ ಟ್ಯಾಕ್ಸ್ ಪುಸ್ತಕ ಕೇಳಿದರೂ ಕೊಡುವುದಿಲ್ಲ. ಇದಕ್ಕೂ ಸ್ಕೀಮಿಗೂ ಸಂಬಂಧವಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಆದಾಯ ಬಂದದ್ದು ಪ್ರೀವಿಯಸ್ ಇಯರ್, ಅದಕ್ಕೆ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ ಅಸೆಸ್‌ಮೆಂಟ್ ಇಯರ್ ಅಂತ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆ. ಈಗ ಎರಡೂ ಇಲ್ಲ, ಬರೀ ಟ್ಯಾಕ್ಸ್ ಇಯರ್. ‘ಇದೊಂದು ಹೊಸದೇ ತಗೊಳ್ಳಿ’ ಅಂತ ಎದುರಿನ ಅಂಗಡಿಗೆ ಕಳಿಸುತ್ತಾರೆ.

ಇನ್ನು ಬೈಗುಳ. ಬಿಲ್ಲು ಕೊಡುವುದಿಲ್ಲ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಸರಿ. ಒಂದು ಚೀಟಿಯಾದರೂ ಬೇಡವಾ? ಗೋಡೆ ತುಂಬ ಆಡಿಟಿಂಗ್ ಪುಸ್ತಕ ಇಟ್ಟುಕೊಂಡು ವೋಚರ್ ಕೊಡದ ಅಂಗಡಿ ಇದು. ಹೋದ ವರ್ಷ ಕೊಂಡ ಕಾಸ್ಟ್ ಅಕೌಂಟಿಂಗ್‌ನಲ್ಲಿ ಎಂಟು ಪುಟ ಇರಲಿಲ್ಲ. ಬಿಲ್ಲಿಲ್ಲದೆ ವಾಪಸ್ಸು ಕೇಳಲು ನನಗೇ ಸಂಕೋಚವಾಯಿತು. ಅಲ್ಲೇ ಪುಟ ತಿರುಗಿಸಿ ನೋಡಿಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವುದಾದರೆ ವಾರದ ದಿನ, ಹನ್ನೊಂದು ಗಂಟೆಯೊಳಗೆ ಹೋಗಿ. ನಿಮ್ಮ ಸಿಲಬಸ್ ಮೊಬೈಲಿನಲ್ಲಿರಲಿ. ಓದಿ ಮುಗಿಸಿದ್ದನ್ನು ವಾಪಸ್ ಕೊಟ್ಟರೆ ಕೊಂಡ ಬೆಲೆಯ ಮೂರನೇ ಒಂದು ಭಾಗ ಕೊಡುತ್ತಾರೆ. ಎನ್‌ಇಪಿ ಪುಸ್ತಕ ಮಾತ್ರ ತಗೊಂಡು ಹೋಗಬೇಡಿ, ಅದನ್ನು ತಕ್ಕಡಿಗೆ ಹಾಕುತ್ತಾರೆ.