ಪ್ರಿಮವೇರಾ ಪಿ6: ಕಾಮಗಾರಿ ವಿಳಂಬದ ಲೆಕ್ಕಕ್ಕೆ ಎಷ್ಟು ಆಗಿಬರುತ್ತದೆ?

ಅಂಕ: 5ಕ್ಕೆ 4
ಬಳಕೆ: ಬಹುಮಹಡಿ ಕಟ್ಟಡಗಳ ಕಾಮಗಾರಿ, ತಿಂಗಳ ಅಪ್‌ಡೇಟ್, ಅವಧಿ ವಿಸ್ತರಣೆಯ ಅರ್ಜಿ

ಪ್ರಿಮವೇರಾ ಪಿ6 ಕಾಮಗಾರಿಯ ವೇಳಾಪಟ್ಟಿ ರೂಪಿಸುವ ತಂತ್ರಾಂಶ. ದೊಡ್ಡ ಕಾಮಗಾರಿಗಳ ಟೆಂಡರ್‌ನಲ್ಲಿ ಪ್ರಿಮವೇರಾದಲ್ಲೇ ಕಾರ್ಯಕ್ರಮ (ಕೆಲಸಗಳ ವೇಳಾಪಟ್ಟಿ) ಸಲ್ಲಿಸಬೇಕೆಂಬ ಷರತ್ತು ಇರುವುದು ಸಾಮಾನ್ಯ. ಹಾಗಾಗಿ ಎಷ್ಟೋ ಗುತ್ತಿಗೆದಾರರು ಇದನ್ನು ಕೊಳ್ಳುವುದೇ ಷರತ್ತು ತೀರಿಸಲು. ಒಂದು ಬೇಸ್‌ಲೈನ್ (ಹೋಲಿಕೆಗೆ ಇಟ್ಟುಕೊಳ್ಳುವ ಮೂಲ ಕಾರ್ಯಕ್ರಮ) ಮಾಡಿ, ಎ3 ಹಾಳೆಯಲ್ಲಿ ಮುದ್ರಿಸಿ ಸೈಟ್ ಆಫೀಸಿನ ಗೋಡೆಗೆ ಅಂಟಿಸುತ್ತಾರೆ, ಮತ್ತೆ ಅದನ್ನು ತೆರೆಯುವುದಿಲ್ಲ. ಕೆಲಸ ಹಿಂದೆ ಬಿದ್ದು ಅವಧಿ ವಿಸ್ತರಣೆ ಕೇಳುವ ಹೊತ್ತಿಗೆ, ಯಾವ ತಿಂಗಳಲ್ಲಿ ಯಾವ ಕಾರಣಕ್ಕೆ ಎಷ್ಟು ದಿನ ಹೋಯಿತು ಎಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಈ ತಂತ್ರಾಂಶದ ನಿಜವಾದ ಬೆಲೆ ಇರುವುದು ಪ್ರತಿ ತಿಂಗಳೂ ಅಪ್‌ಡೇಟ್ ಮಾಡಿ ತೆಗೆದಿಟ್ಟ ಪ್ರತಿಗಳಲ್ಲಿ. ಅವಿಲ್ಲದಿದ್ದರೆ ಇದು ದುಬಾರಿ ಬಾರ್ ಚಾರ್ಟ್ ಅಷ್ಟೇ.

ಒಳಗಿನ ಲೆಕ್ಕ 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಕೆಲಸಕ್ಕೆಂದು ಮೋರ್ಗನ್ ವಾಕರ್ ಮತ್ತು ಜೇಮ್ಸ್ ಕೆಲ್ಲಿ ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನದ್ದೇ, ಅಂದರೆ ಯೋಜನೆ ಮುಗಿಯುವ ದಿನವನ್ನು ನಿರ್ಧರಿಸುವ ಅತಿ ಉದ್ದದ ಕೆಲಸಗಳ ಸರಣಿಯನ್ನು ಹುಡುಕುವುದು. 2008ರಲ್ಲಿ ಒರಾಕಲ್ ಪ್ರಿಮವೇರಾವನ್ನು ಕೊಂಡಿತು; ಹೊರಗಿನ ರೂಪ ಬದಲಾಗಿದೆ, ಲೆಕ್ಕ ಹಾಕಿಸಲು ಎಫ್9 ಕೀಲಿ ಒತ್ತಿದಾಗ ನಡೆಯುವುದು ಅದೇ ಮುಂದಿನ, ಹಿಂದಿನ ಓಟ: ಮೊದಲಿನಿಂದ ಕೊನೆಗೆ ಹೋಗಿ ಪ್ರತಿ ಕೆಲಸದ ಅತಿ ಬೇಗದ ದಿನಾಂಕ, ಕೊನೆಯಿಂದ ಮೊದಲಿಗೆ ಬಂದು ಅತಿ ತಡದ ದಿನಾಂಕ. ಕೂಡುವುದರಲ್ಲಿ ಅದು ತಪ್ಪುವುದಿಲ್ಲ. ಫಲಿತಾಂಶ ದಾರಿ ತಪ್ಪುವುದು ನಾವು ಕೊಡುವ ಸೆಟ್ಟಿಂಗ್‌ಗಳಲ್ಲಿ.

ಮೊದಲು ಕ್ಯಾಲೆಂಡರ್. ಒಂದೇ ಆರು ದಿನದ ಕ್ಯಾಲೆಂಡರ್ ಇಟ್ಟುಕೊಂಡು ಇಡೀ ಕಾರ್ಯಕ್ರಮ ಬರೆದರೆ ಮುಂದೆ ವಿಳಂಬದ ಬಗ್ಗೆ ನಮ್ಮ ವಾದಕ್ಕೆ ಬಲ ಇರುವುದಿಲ್ಲ. ಕನಿಷ್ಠ ಮೂರು ಬೇಕು: ಸಾಮಾನ್ಯ ಕೆಲಸಕ್ಕೆ ಆರು ದಿನದ್ದು, ಕ್ಯೂರಿಂಗ್ (ಕಾಂಕ್ರೀಟನ್ನು ತೇವವಾಗಿಟ್ಟು ಗಟ್ಟಿಯಾಗಿಸುವುದು) ಮತ್ತು ಅನುಮೋದನೆಯ ಕಾಯುವಿಕೆಗೆ ಏಳು ದಿನದ್ದು, ಮಣ್ಣು ಅಗೆತ ಮತ್ತು ಹೊರಗೋಡೆಯ ಕೆಲಸಕ್ಕೆ ಮಳೆಗಾಲದ ರಜೆ ಸೇರಿದ್ದು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಮಣ್ಣಿನ ಕೆಲಸವನ್ನು ಪೂರ್ತಿ ದಿನಗಳೆಂದು ಎಣಿಸುವುದು ಸುಳ್ಳು ಕಾರ್ಯಕ್ರಮ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಗೂ ದಿನ ಬಿಡಬೇಕು. ಹೋಳಿ, ಛಠ್ ಹಬ್ಬಕ್ಕೆ ಉತ್ತರದ ಕಾರ್ಮಿಕರು, ಯುಗಾದಿಗೆ ಮತ್ತು ಮುಂಗಾರು ಬಿತ್ತನೆಗೆ ರಾಯಚೂರು, ಯಾದಗಿರಿ ಕಡೆಯವರು ಊರಿಗೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೂ ಕ್ಯಾಲೆಂಡರ್‌ನಲ್ಲಿ ಕಾಣುವುದು ಅಪರೂಪ. ಬೇಸ್‌ಲೈನ್‌ನಲ್ಲಿ ಮಳೆಗೆ ಎಷ್ಟು ದಿನ ಬಿಟ್ಟಿದ್ದೀರಿ ಎಂಬುದು ಸ್ಪಷ್ಟವಿದ್ದರೆ ಮಾತ್ರ ಅದಕ್ಕಿಂತ ಹೆಚ್ಚು ಹೋದ ದಿನಗಳನ್ನು ಕೇಳಬಹುದು. ಸಾಕ್ಷಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಗಳನ್ನು ಸೈಟ್ ಡೈರಿಯ ಜೊತೆಗಿಡಿ.

ದಿನಕ್ಕೆ ಎಂಟು ಗಂಟೆಯ ಕ್ಯಾಲೆಂಡರ್ ಜೊತೆ ಹತ್ತು ಗಂಟೆಯದನ್ನೂ ಬಳಸಿದರೆ ಇನ್ನೊಂದು ತೊಡಕು. ಪಿ6 ಒಳಗೆ ಎಲ್ಲವನ್ನೂ ಗಂಟೆಯಲ್ಲೇ ಇಡುತ್ತದೆ. ಪರದೆ ಮೇಲಿನ ದಿನಕ್ಕೆ ಎಂಟು ಗಂಟೆ ಎಂದಿದ್ದರೆ, ಹತ್ತು ಗಂಟೆಯ ಹತ್ತು ದಿನಗಳ ಕೆಲಸ 12.5 ದಿನ ಎಂದು ಕಾಣುತ್ತದೆ. ಆಯಾ ಚಟುವಟಿಕೆಯ ಕ್ಯಾಲೆಂಡರ್‌ನ ಗಂಟೆಯನ್ನೇ ಬಳಸು ಎಂಬ ಆಯ್ಕೆ ಅಡ್ಮಿನ್ ಪ್ರಿಫರೆನ್ಸಸ್‌ನಲ್ಲಿದೆ, ಮೊದಲ ದಿನವೇ ಅದಕ್ಕೆ ಟಿಕ್ ಹಾಕಿ.

ಕ್ಯೂರಿಂಗ್ ದಿನಗಳನ್ನು ಲ್ಯಾಗ್ (ಎರಡು ಚಟುವಟಿಕೆಗಳ ನಡುವೆ ಬಿಡುವ ಅಂತರ) ಆಗಿ ಕೊಡುವ ಅಭ್ಯಾಸವನ್ನೂ ಬಿಡಬೇಕು. ಲ್ಯಾಗ್ ಸಾಮಾನ್ಯವಾಗಿ ಹಿಂದಿನ ಚಟುವಟಿಕೆಯ ಕ್ಯಾಲೆಂಡರ್ ಪ್ರಕಾರ ಓಡುತ್ತದೆ. ಆರು ದಿನದ ವಾರದಲ್ಲಿ ಏಳು ದಿನದ ಲ್ಯಾಗ್ ಕೊಟ್ಟರೆ ಎಂಟು ದಿನವಾಗುತ್ತದೆ, ಮಳೆ ರಜೆ ಬಂದರೆ ಇನ್ನೂ ಹೆಚ್ಚು. ಕಾಂಕ್ರೀಟಿಗೆ ಭಾನುವಾರ ರಜೆ ಇಲ್ಲ. ಕ್ಯೂರಿಂಗ್, ಸೆಂಟ್ರಿಂಗ್ ಬಿಚ್ಚುವ ಮುನ್ನದ ಕಾಯುವಿಕೆ, ಇವೆರಡನ್ನೂ ಏಳು ದಿನದ ಕ್ಯಾಲೆಂಡರ್‌ನ ಪ್ರತ್ಯೇಕ ಚಟುವಟಿಕೆ ಮಾಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000ರಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿನ ಆಸರೆ ತೆಗೆಯಲು 4.5 ಮೀಟರ್‌ವರೆಗಿನ ಸ್ಪ್ಯಾನ್‌ಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. 6 ಮೀಟರ್ ಮೀರಿದ ಬೀಮ್‌ಗೆ 21 ದಿನ. ಮಹಡಿಗೆ ಎಂಟು ದಿನ ಎಂದು ಬರೆದು ಎರಡೇ ಸೆಟ್ ಸೆಂಟ್ರಿಂಗ್ ತೋರಿಸಿದ ಕಾರ್ಯಕ್ರಮವನ್ನು ಎದುರು ಪಕ್ಷದ ಎಂಜಿನಿಯರ್ ಈ ಅಂಕಿಗಳಿಂದಲೇ ಕೆಡವುತ್ತಾರೆ.

ಇನ್ನು ವಿಳಂಬದ ವಾದದಲ್ಲಿ ಅತಿ ಹೆಚ್ಚು ಜಗಳ ತರುವ ಆಯ್ಕೆ: ರಿಟೇನ್ಡ್ ಲಾಜಿಕ್ ಅಥವಾ ಪ್ರೋಗ್ರೆಸ್ ಓವರ್‌ರೈಡ್. ನಾಲ್ಕನೇ ಮಹಡಿಯ ಬ್ಲಾಕ್ ಗೋಡೆ ಮುಗಿಯುವ ಮೊದಲೇ ಒಂದು ಮೂಲೆಯಲ್ಲಿ ಗಾರೆ ಕೆಲಸ ಶುರುವಾಯಿತು ಎನ್ನೋಣ. ರಿಟೇನ್ಡ್ ಲಾಜಿಕ್ ಇದ್ದರೆ ಉಳಿದ ಗಾರೆ ಗೋಡೆ ಮುಗಿಯುವವರೆಗೆ ಕಾಯುತ್ತದೆ. ಓವರ್‌ರೈಡ್ ಇದ್ದರೆ ಆ ಸಂಬಂಧವನ್ನೇ ಕಡೆಗಣಿಸಿ ಗಾರೆ ಮುಂದುವರಿಯುತ್ತದೆ. ಸೈಟ್‌ನಲ್ಲಿ ಒಂದು ಇಟ್ಟಿಗೆಯೂ ಅಲ್ಲಾಡದೆ ಮುಗಿಯುವ ದಿನ ವಾರಗಟ್ಟಲೆ ಹಿಂದೆ ಮುಂದೆ ಆಗಬಹುದು. ರಿಟೇನ್ಡ್ ಲಾಜಿಕ್ ಇಟ್ಟುಕೊಂಡು, ಶೆಡ್ಯೂಲ್ ಲಾಗ್‌ನಲ್ಲಿ ಅನುಕ್ರಮ ತಪ್ಪಿದ್ದೆಂದು ಪಟ್ಟಿಯಾದ ಪ್ರತಿ ಚಟುವಟಿಕೆಯ ಸಂಬಂಧವನ್ನು ಸೈಟಿಗೆ ತಕ್ಕಂತೆ ತಿದ್ದಿ, ತಿದ್ದಿದ್ದನ್ನು ಬರೆದಿಡುವುದು ಸರಿಯಾದ ದಾರಿ. ನಡುವೆ ಆಯ್ಕೆ ಬದಲಿಸಿದರೆ ಹಿಂದಿನ ತಿಂಗಳುಗಳ ಹೋಲಿಕೆಯೇ ಹಾಳು.

ಪ್ರಗತಿ ತುಂಬುವಾಗ ಫಿಸಿಕಲ್ ಪರ್ಸೆಂಟ್ (ಸೈಟ್‌ನಲ್ಲಿ ನಿಜವಾಗಿ ಆದ ಕೆಲಸದ ಶೇಕಡಾ ಪ್ರಮಾಣ) ಆರಿಸಿಕೊಂಡು, ಉಳಿದ ಅವಧಿಯನ್ನು ಬೇರೆಯಾಗಿ ತುಂಬಿ. ಶೇ 80 ಮುಗಿದಿದೆ ಎಂದರೆ ಉಳಿದ ಶೇ 20ಕ್ಕೆ ಹಳೆಯ ವೇಗವೇ ಇರುತ್ತದೆಂದೇನೂ ಇಲ್ಲ. ಇನ್ನೆಷ್ಟು ದಿನ ಬೇಕೆಂದು ಮೇಸ್ತ್ರಿಯನ್ನು ಕೇಳಿ ಬರೆದದ್ದೇ ಹೆಚ್ಚು ನಿಜವಾಗುತ್ತದೆ. ಮ್ಯಾಂಡೇಟರಿ ಫಿನಿಷ್ ನಿರ್ಬಂಧವನ್ನು ಎಲ್ಲೂ ಹಾಕಬೇಡಿ: ಅದು ಸಂಬಂಧಗಳನ್ನು ಮೀರಿ ದಿನಾಂಕವನ್ನು ಹಿಡಿದಿಟ್ಟು ತಡವನ್ನು ಮುಚ್ಚುತ್ತದೆ.

ಇಷ್ಟು ಸರಿಯಿದ್ದರೆ ಟೈಮ್ ಇಂಪ್ಯಾಕ್ಟ್ ಅನಾಲಿಸಿಸ್‌ಗೆ (ಒಂದು ವಿಳಂಬದಿಂದ ಮುಗಿಯುವ ದಿನ ಎಷ್ಟು ಜರುಗುತ್ತದೆ ಎಂಬ ಲೆಕ್ಕಕ್ಕೆ) ಇದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಂದು ಉದಾಹರಣೆ, ಎಲ್ಲವೂ ಏಳು ದಿನದ ಕ್ಯಾಲೆಂಡರ್‌ನಲ್ಲಿದೆ ಎಂದುಕೊಳ್ಳಿ. ಪೋಡಿಯಂ ಸ್ಲ್ಯಾಬಿನ ಪರಿಷ್ಕೃತ ನಕ್ಷೆ 2025ರ ಜೂನ್ 5ಕ್ಕೆ ಬರಬೇಕಿತ್ತು, ಬಂದದ್ದು ಜೂನ್ 27ಕ್ಕೆ. ಮೇ ಕೊನೆಯ ಅಪ್‌ಡೇಟ್‌ನ ಪ್ರತಿ ತೆಗೆದು, ಡೇಟಾ ಡೇಟ್ (ಯಾವ ದಿನದವರೆಗಿನ ಪ್ರಗತಿ ತುಂಬಿದೆಯೋ ಆ ದಿನಾಂಕ) ಜೂನ್ 1 ಇರುವಂತೆಯೇ ಎಫ್9 ಒತ್ತಿ: ಮುಗಿಯುವ ದಿನ 2026ರ ಫೆಬ್ರವರಿ 28. ಈಗ ಜೂನ್ 5ರಂದು ಶುರುವಾಗುವ 22 ದಿನಗಳ ‘ನಕ್ಷೆಗೆ ಕಾಯುವಿಕೆ’ ಎಂಬ ಚಟುವಟಿಕೆ ಸೇರಿಸಿ, ಅದನ್ನು ಪೋಡಿಯಂ ಕಂಬಿ ಕಟ್ಟುವ ಕೆಲಸಕ್ಕೆ ಜೋಡಿಸಿ, ಮತ್ತೆ ಎಫ್9. ದಿನಾಂಕ ಮಾರ್ಚ್ 14 ಆಯಿತು. ಆ ದಾರಿಯಲ್ಲಿ 8 ದಿನ ಫ್ಲೋಟ್ (ಮುಗಿಯುವ ದಿನ ಜರುಗದಂತೆ ತಡವಾಗಲು ಇರುವ ಅವಕಾಶ) ಇದ್ದುದರಿಂದ 22ರಲ್ಲಿ ಸಲ್ಲುವುದು 14 ದಿನ ಮಾತ್ರ. ಪೂರ್ತಿ 22 ದಿನ ಕೇಳಿ ಪತ್ರ ಬರೆಯುವುದೇ ನಮ್ಮಲ್ಲಿ ರೂಢಿ. ಅರ್ಜಿ ತಿರಸ್ಕೃತವಾಗುವುದೂ ಅದಕ್ಕೇ. ಅದೇ ಅವಧಿಯಲ್ಲಿ ಗುತ್ತಿಗೆದಾರನ ಶಟರಿಂಗ್ ಸಾಮಾನೂ ಬಂದಿರದಿದ್ದರೆ ಆ ವಿಳಂಬವನ್ನೂ ಮಾದರಿಯಲ್ಲಿ ತೋರಿಸಬೇಕು. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2017ರಲ್ಲಿ ಹೊರತಂದ, ವಿಳಂಬ ಕುರಿತ ಮಾರ್ಗಸೂಚಿಯಾದ ಪ್ರೋಟೋಕಾಲ್‌ನ ಎರಡನೇ ಆವೃತ್ತಿಯ ಪ್ರಕಾರ, ಎರಡೂ ಕಡೆಯ ವಿಳಂಬ ನಿಜವಾಗಿ ಏಕಕಾಲದ್ದಾಗಿದ್ದರೆ ಗುತ್ತಿಗೆದಾರನಿಗೆ ಅವಧಿ ಸಿಗುತ್ತದೆ. ಹೆಚ್ಚುವರಿ ಖರ್ಚು ಸಿಗಬೇಕಾದರೆ ಮಾಲೀಕನ ಕಡೆಯ ಕಾರಣಕ್ಕೆ ಆದದ್ದನ್ನು ಬೇರ್ಪಡಿಸಿ ತೋರಿಸಬೇಕು. ನಿಮ್ಮ ಕರಾರಿನಲ್ಲಿ ಬೇರೆ ಮಾತಿದ್ದರೆ ಅದೇ ಮೊದಲು.

ಕ್ರಿಟಿಕಲ್ ಯಾವುದು ಎಂದು ನೋಡಲು ಫ್ಲೋಟ್ ಸೊನ್ನೆ ಎಂಬ ಅಳತೆಗಿಂತ ಲಾಂಗೆಸ್ಟ್ ಪಾತ್ ಆಯ್ಕೆ ಮೇಲು, ಹಲವು ಕ್ಯಾಲೆಂಡರ್ ಇರುವಲ್ಲಿ ಫ್ಲೋಟ್ ಅಂಕಿ ಮೋಸ ಮಾಡುತ್ತದೆ. ಮಲ್ಟಿಪಲ್ ಫ್ಲೋಟ್ ಪಾತ್ಸ್ ಆಯ್ಕೆ ಬಳಸಿದರೆ ಮುಂದಿನ ತಿಂಗಳು ಕ್ರಿಟಿಕಲ್ ಆಗಲಿರುವ ಎರಡನೇ, ಮೂರನೇ ದಾರಿಗಳೂ ಸಿಗುತ್ತವೆ. ಹಿಂದೆ ಕ್ಲೇಮ್ ಡಿಗ್ಗರ್ ಎಂದಿದ್ದ ಶೆಡ್ಯೂಲ್ ಕಂಪ್ಯಾರಿಸನ್ ಎರಡು ಅಪ್‌ಡೇಟ್‌ಗಳ ನಡುವೆ ಸೇರಿದ, ಅಳಿಸಿದ ಸಂಬಂಧಗಳನ್ನೂ ಬದಲಾದ ಅವಧಿಗಳನ್ನೂ ತೆಗೆದು ತೋರಿಸುತ್ತದೆ. ಕಳೆದ ತಿಂಗಳು ಮುಗಿದಿದ್ದ ಕೆಲಸದ ನಿಜ ದಿನಾಂಕ ಈ ತಿಂಗಳು ಬದಲಾಗಿದ್ದರೆ ಅಲ್ಲೇ ನಿಂತು ಕಾರಣ ಕೇಳಿ.

ಒಂದು ಅಂಕ ಕಡಿಮೆ ಕೊಟ್ಟಿದ್ದಕ್ಕೆ ಕಾರಣಗಳಿವೆ. ವಿಳಂಬದ ದಿನ ಇದು ಹೇಳುತ್ತದೆ, ಹೊಣೆ ಯಾರದು ಎಂದು ಹೇಳುವುದಿಲ್ಲ. ಅಡಚಣೆಗಳನ್ನು ದಾಖಲಿಸುವ ಹಿಂಡ್ರೆನ್ಸ್ ರಿಜಿಸ್ಟರ್‌ನ ಕ್ರಮಸಂಖ್ಯೆ, ಪತ್ರದ ಸಂಖ್ಯೆಗಳನ್ನು ಯೂಸರ್ ಡಿಫೈನ್ಡ್ ಫೀಲ್ಡ್‌ನಲ್ಲಿ ನಾವೇ ತುಂಬಬೇಕು. ನೋಟಿಸಿನ ಗಡುವನ್ನೂ ಅದು ನೆನಪಿಸುವುದಿಲ್ಲ. ಎಂಜಿನಿಯರ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿಡಿಕ್‌ನ 1999ರ ರೆಡ್ ಬುಕ್ ಎಂಬ ಮಾದರಿ ಕರಾರನ್ನು ಆಧರಿಸಿದ್ದಾದರೆ, ನೋಟಿಸ್ ಕೊಡದೆ 28 ದಿನ ಮೀರಿದ ಮೇಲೆ ಎಷ್ಟು ಚೆಂದದ ವಿಶ್ಲೇಷಣೆಯೂ ಹಕ್ಕನ್ನು ಉಳಿಸಲಾರದು. ಬದಲಾವಣೆಗಳು ನೇರ ಡೇಟಾಬೇಸ್‌ಗೆ ಹೋಗುವುದರಿಂದ ವರ್ಡ್ ಕಡತದಂತೆ ಉಳಿಸದೆ ಮುಚ್ಚಿ ಪಾರಾಗುವಂತಿಲ್ಲ. ಬೇರೆಯವರ ಎಕ್ಸ್‌ಇಆರ್ (ಪ್ರಿಮವೇರಾದ ವಿನಿಮಯ ರೂಪದ) ಕಡತ ಒಳತರುವಾಗ ಎಚ್ಚರ ತಪ್ಪಿದರೆ ಅವರ ಗ್ಲೋಬಲ್ ಕ್ಯಾಲೆಂಡರ್ ನಿಮ್ಮದರ ಮೇಲೆ ಕೂರುತ್ತದೆ, ಆಗ ಆ ಕ್ಯಾಲೆಂಡರ್ ಬಳಸುವ ಕಚೇರಿಯ ಎಲ್ಲ ಯೋಜನೆಗಳ ದಿನಾಂಕವೂ ಜರುಗಬಹುದು. ಆದ್ದರಿಂದ ಪ್ರಾಜೆಕ್ಟ್ ಕ್ಯಾಲೆಂಡರ್‌ಗಳನ್ನೇ ಬಳಸಿ, ಹೊರಗಿನ ಕಡತವನ್ನು ಬೇರೆ ಡೇಟಾಬೇಸ್‌ನಲ್ಲಿ ತೆರೆಯಿರಿ. ರಸ್ತೆ, ಸುರಂಗದಂಥ ಉದ್ದದ ಕಾಮಗಾರಿಗೆ ದೂರ ಮತ್ತು ಕಾಲ ಒಟ್ಟಿಗೆ ತೋರಿಸುವ ಟಿಲೋಸ್‌ನಂಥ ತಂತ್ರಾಂಶ ಹೆಚ್ಚು ಅರ್ಥವಾಗುತ್ತದೆ.

ಎರಡು ಮೂರು ಮಹಡಿಯ ಮನೆ ಕಟ್ಟುವವರಿಗೆ ಇದು ಬೇಡ. ಎಕ್ಸೆಲ್ ಪಟ್ಟಿ, ದಿನಾಂಕ ಹಾಕಿದ ಡೈರಿ ಸಾಕು. ನೂರಾರು ಚಟುವಟಿಕೆ, ಹಲವು ಉಪಗುತ್ತಿಗೆದಾರರು, ಕರಾರಿನಲ್ಲಿ ದಂಡದ ಕಲಮು ಇರುವಲ್ಲಿ ಕೊಳ್ಳಿ, ಜೊತೆಗೆ ಅದೇ ಕೆಲಸಕ್ಕೆ ಒಬ್ಬ ಪ್ಲಾನಿಂಗ್ ಎಂಜಿನಿಯರ್ ಇರಲಿ. ತಿಂಗಳ ಅಪ್‌ಡೇಟ್ ಮುಗಿದ ದಿನವೇ ಪ್ರತಿಯನ್ನು ಎಕ್ಸ್‌ಎಂಎಲ್‌ನಲ್ಲಿ ಬೇಸ್‌ಲೈನ್ ಸಮೇತ ತೆಗೆದು, ಅದರ ಹೆಸರಿನಲ್ಲಿ ಡೇಟಾ ಡೇಟ್ ಹಾಕಿ, ಮಾಲೀಕರ ಎಂಜಿನಿಯರ್‌ಗೆ ಇಮೇಲ್ ಮಾಡಿ. ಎಕ್ಸ್‌ಇಆರ್ ಮಾತ್ರ ಕಳಿಸಿದರೆ ಬೇಸ್‌ಲೈನ್ ಅದರೊಳಗೆ ಹೋಗುವುದಿಲ್ಲ.